ಬಿಸಿಕೋಣೆಯ ಕೂಸು

"ಬಿಸಿಕೋಣೇಲಿ ಮಗು ಅತ್ತ ಹಾಗೆ ಕೇಳಿಸಿದ್ರೆ ನೋಡೋಕೆ ಹೋಗ್ಬೇಡ," ಎಂದಳು ಗಂಡನ ಅಕ್ಕ. "ಎಷ್ಟೇ ಅತ್ತರೂ ಸರಿ. ಎತ್ಕೊಳ್ಳೋದಂತೂ ಬೇಡವೇ ಬೇಡ."

ಇಬ್ಬರೂ ಒಂದು ಅಗಲವಾದ ಹಾಸುಬಟ್ಟೆಯ ತುದಿಗಳನ್ನು ಹಿಡಿದು ಮಡಚುತ್ತಿದ್ದರು. ಹೊಸ ಸೊಸೆ ಆ ಮನೆಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ತನ್ನ ತುದಿಯನ್ನು ತಂದು ಅಕ್ಕನ ತುದಿಗೆ ಸೇರಿಸುತ್ತಾ ಅವಳು ನಕ್ಕುಬಿಟ್ಟಳು.

"ಅಳೋ ಮಗೂನ ಎತ್ಕೋಬೇಡ ಅನ್ನೋ ಮನೇನ ಇದೇ ಮೊದಲು ನೋಡ್ತಿರೋದು ನಾನು."

"ನಗು, ಪರವಾಗಿಲ್ಲ. ಇನ್ನೊಂದು ಮಾತು. ಮೇಲಿರೋ ದೊಡ್ಡಮ್ಮನ ಕೈಯಿಂದ ಏನೂ ತಗೋಬೇಡ. ನಾಳೆ ನಿನಗೊಂದು ಮಗು ಆದ್ರೆ ಅವಳ ಕೈಗೆ ಕೊಡಬೇಡ."

ಸೊಸೆ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಬೆಳಗ್ಗೆ ಪಾಠ ಮುಗಿಸಿ ಬಂದು ಮಧ್ಯಾಹ್ನ ಲಾಂಡ್ರಿಯಲ್ಲಿ ಕೈಜೋಡಿಸುತ್ತಿದ್ದಳು. ಗಂಡ ಮೊದಲ ದಿನವೇ ತಮಾಷೆಗೆ 'ಟೀಚರ್' ಎಂದು ಕರೆದದ್ದು ಮನೆಮಂದಿಯ ಬಾಯಲ್ಲೂ ಉಳಿದುಬಿಟ್ಟಿತ್ತು. ಟೀಚರಿಗೆ ಭೂತ ಪ್ರೇತಗಳ ಮಾತು ಬಂದರೆ ಕೋಪ ಬರುತ್ತಿರಲಿಲ್ಲ, ನಗು ಬರುತ್ತಿತ್ತು. ಕೋಪ ಬಂದಿದ್ದರೆ ಕೊನೆಗೆ ಒಂದಿಷ್ಟು ವಾದವಾದರೂ ಮಾಡುತ್ತಿದ್ದಳೇನೋ. ನಗು ಎಲ್ಲವನ್ನೂ ಅಲ್ಲಿಗೇ ಮುಗಿಸಿಬಿಡುತ್ತದೆ.

ಗಂಡನ ತಾಯಿಯ ಮನೆತನದವರು ತಲೆತಲಾಂತರದಿಂದ ನಡೆಸಿಕೊಂಡು ಬಂದ ಲಾಂಡ್ರಿ ಅದು. ಕೆಳಗೆ ಕೆಲಸ, ಮೇಲೆ ಸಂಸಾರ. ಹೋಟೆಲುಗಳಿಂದ, ಆಸ್ಪತ್ರೆಗಳಿಂದ ಗಂಟುಗಂಟಾಗಿ ಬಟ್ಟೆ ಬರುತ್ತಿತ್ತು: ಬೆವರಿನ ಹಾಸು, ಔಷಧದ ಕಲೆಯ ದಿಂಬಿನ ಚೀಲ, ಯಾರ ಯಾರದೋ ನೋವಿನ ವಾಸನೆ. ಮುಂದಿನ ಹಜಾರದಲ್ಲಿ ಇಸ್ತ್ರಿ, ನಡುವೆ ಒಗೆಯುವ ಯಂತ್ರಗಳು, ಹಿಂದೆ ಬಾಯ್ಲರು. ಬಾಯ್ಲರಿನ ಬೆನ್ನಿಗೆ ಅಂಟಿಕೊಂಡಂತೆ ಬಟ್ಟೆ ಒಣಗಿಸುವ ಉದ್ದನೆಯ ಕೋಣೆ. ಅದಕ್ಕೆ ಕಿಟಕಿಯಿಲ್ಲ. ಕಬ್ಬಿಣದ ಒಂದು ಬಾಗಿಲು, ಮಾಡಿಗೆ ಒಂದು ಮಂಕು ಬಲ್ಬು, ಗೋಡೆಯಿಂದ ಗೋಡೆಗೆ ಸಾಲಾಗಿ ತಂತಿ. ತಂತಿಯ ಮೇಲೆ ನೆಲ ಮುಟ್ಟುವ ಹಾಗೆ ಬಿಳಿ ಬಟ್ಟೆಗಳು. ಸೋಪು, ಗಂಜಿ, ಕಾದ ಇಟ್ಟಿಗೆಯ ವಾಸನೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಕತ್ತಲೆಯೇ. ಅದೇ ಬಿಸಿಕೋಣೆ.

ಆ ಮನೆಯಲ್ಲಿ ಮುಪ್ಪು ಕಂಡ ಹೆಂಗಸರು ಕಡಿಮೆ. ಗಂಡನ ತಾಯಿ ಎದೆಯ ಗಡ್ಡೆಯಿಂದ ಹೋಗಿದ್ದಳು, ಮಗನಿಗಿನ್ನೂ ಮೀಸೆ ಮೂಡುವ ಮೊದಲೇ. ಅವಳ ತಾಯಿಯೂ ಹಾಗೆಯೇ. ತಾಯಿಯ ತಮ್ಮನೊಬ್ಬ ಹೊಟ್ಟೆ ಹಿಡಿದುಕೊಂಡು ನರಳಿ ಸತ್ತಿದ್ದ, ಆದರೆ ಅವನು ಕುಡಿಯುತ್ತಿದ್ದ ಎಂದು ಅವನನ್ನು ಈ ಲೆಕ್ಕಕ್ಕೆ ಯಾರೂ ಸೇರಿಸುತ್ತಿರಲಿಲ್ಲ. ಹೆಂಡತಿ ಸತ್ತ ಮೇಲೆ ಗಂಡನ ಅಪ್ಪ ಆ ಮನೆಯ ಗಾಳಿಯೇ ಬೇಡವೆಂದು ಎದ್ದುಹೋದವನು ತಿರುಗಿ ಬರಲಿಲ್ಲ. ಅಕ್ಕ ತಮ್ಮನನ್ನು ಸಾಕಿದಳು, ಲಾಂಡ್ರಿ ನಡೆಸಿದಳು, ಮದುವೆಯಾಗಲಿಲ್ಲ. ಯಾಕೆ ಎಂದು ಒಮ್ಮೆ ಟೀಚರ್ ಕೇಳಿದಾಗ, "ಹೆಣ್ಣು ಹುಟ್ಟಿದ್ರೆ? ಅದಕ್ಕೂ ಇದನ್ನ ಕೊಟ್ಟು ಹೋಗ್ಬೇಕಾ?" ಎಂದು ಇಸ್ತ್ರಿಯನ್ನು ಜೋರಾಗಿ ಒತ್ತಿದ್ದಳು.

ಎಲ್ಲರೂ ಹೋದರೂ ಉಳಿದುಕೊಂಡವಳು ದೊಡ್ಡಮ್ಮ, ಗಂಡನ ತಾಯಿಯ ಒಡಹುಟ್ಟಿದ ಅಕ್ಕ. ಮೇಲಿನ ಮೂಲೆಯ ಕೋಣೆಯಲ್ಲಿ ಹರಿದ ಹಾಸುಗಳಿಗೆ ರಫ್ಫು ಹಾಕುತ್ತಾ, ಉದುರಿದ ಗುಂಡಿ ಹೊಲಿಯುತ್ತಾ ಕೂತಿರುತ್ತಿದ್ದಳು. ತಲೆ ಬೆಳ್ಳಗಾಗಿತ್ತು, ಮೈ ಗಟ್ಟಿಯಾಗಿತ್ತು. ಅದೇ ಅವಳ ತಪ್ಪು. ತನ್ನ ಪಾಲಿಗೆ ಬರಬೇಕಾದದ್ದನ್ನು ಮಾಟ ಮಾಡಿಸಿ ತಂಗಿಯ ಮೈಗೆ ಹೊರಳಿಸಿದಳು ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಊಟದ ತಟ್ಟೆಯನ್ನು ಅವಳ ಹೊಸ್ತಿಲ ಹೊರಗಿಟ್ಟು ಬರುತ್ತಿದ್ದರು, ಅಷ್ಟೇ.

ಟೀಚರ್ ತಟ್ಟೆಯನ್ನು ಒಳಗೆ ಒಯ್ದಳು. ಎದುರಿಗೆ ಕೂತಳು. ಮುದುಕಿ ಕೊಟ್ಟ ನೀರನ್ನು ಗಟಗಟನೆ ಕುಡಿದಳು.

"ಭಯ ಆಗಲ್ವಾ ನಿನಗೆ?" ಎಂದಳು ದೊಡ್ಡಮ್ಮ.

"ಯಾಕೆ ಭಯ? ಒಂದೇ ತಾಯಿ ಮಕ್ಕಳಲ್ಲಿ ಒಬ್ಬರ ಕಣ್ಣು ಕಂದು, ಇನ್ನೊಬ್ಬರದು ಕಪ್ಪು ಇರಲ್ವಾ? ಇದೂ ಹಾಗೇ. ನಿಮಗೆ ಬರಲಿಲ್ಲ, ತಂಗಿಗೆ ಬಂತು. ನೀವೇನು ಮಾಡಿದ್ರಿ ಅದಕ್ಕೆ?"

ದೊಡ್ಡಮ್ಮನ ಸೂಜಿ ನಿಂತಿತು. ಕಣ್ಣೀರು ರಫ್ಫಿನ ಮೇಲೆ ಬಿದ್ದು ಬಟ್ಟೆ ಒದ್ದೆಯಾಯಿತು. ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಆ ಒಂದು ಮಾತು ಹೇಳಿರಲಿಲ್ಲ.

ಆ ದಿನವೇ ಅವಳು ಹಳೆಯ ಕತೆ ಹೇಳಿದ್ದು. ಅವಳ ಅಜ್ಜಿಯ ಅಮ್ಮ ಲಾಂಡ್ರಿಯ ಒಡತಿ. ಹೆತ್ತಳು, ಎದೆಯಲ್ಲಿ ಹಾಲಿಳಿಯಲಿಲ್ಲ. ಬಟ್ಟೆ ಒಗೆಯುವ ಆಳು ಹೆಂಗಸೊಬ್ಬಳು ಅದೇ ತಿಂಗಳು ಹೆತ್ತಿದ್ದಳು. ಅವಳನ್ನು ಕರೆದು ಒಡತಿಯ ಕೂಸಿಗೆ ಹಾಲೂಡಿಸಲು ಕೂರಿಸಿದರು. ಅವಳ ಕೂಸನ್ನು ಬೆಚ್ಚಗಿರಲಿ ಎಂದು ಬಿಸಿಕೋಣೆಯಲ್ಲಿ ಮಲಗಿಸಿದರು. ಮೊದಲು ಒಡತಿಯ ಕೂಸು, ಉಳಿದರೆ ನಿನ್ನದಕ್ಕೆ. ಉಳಿಯುತ್ತಿರಲಿಲ್ಲ. ಬಿಸಿಕೋಣೆಯಿಂದ ಅಳು ಕೇಳುತ್ತಿತ್ತು, ಎದ್ದು ಹೋಗುವ ಹಾಗಿರಲಿಲ್ಲ. ಒಂದು ಮಧ್ಯಾಹ್ನ ಅಳು ನಿಂತಿತು. ನಿದ್ದೆ ಹೋಯಿತು ಎಂದರು ಎಲ್ಲರೂ. ಅವಳಿಗೆ ಗೊತ್ತಾಯಿತು. ಒಣಗಿದ ಆ ಕೂಸನ್ನು ತಂದು ಒಡತಿಯ ಮಡಿಲಲ್ಲಿ ಹಾಕಿದಳು. ತನ್ನ ಎದೆಯಲ್ಲಿ ಉಳಿದಿದ್ದ ಹಾಲನ್ನು ಬಾಯ್ಲರಿನ ಕಾದ ಇಟ್ಟಿಗೆಯ ಮೇಲೆ ಹಿಂಡಿದಳು, ಅದರ ಮೇಲೆ ಕೂಸಿನ ತಲೆಗೂದಲನ್ನು ಉದುರಿಸಿದಳು. ಹೊಗೆ ಎದ್ದಿತು. ಆ ಹೊಗೆಯಲ್ಲಿ ನಿಂತು ನುಡಿದಳು.

"ನನ್ನ ಎದೆ ಕಿತ್ಕೊಂಡ್ರಿ. ನನ್ನ ಹೊಟ್ಟೆ ಉರಿಸಿದ್ರಿ. ನಿಮ್ಮ ರಕ್ತದಲ್ಲಿ ಹುಟ್ಟಿದೋರದ್ದೂ ಹಾಗೇ ಆಗ್ಲಿ."

"ಪಾಪ," ಎಂದಳು ಟೀಚರ್. ಮನಸ್ಸಿಗೆ ಚುರುಕ್ಕೆಂದಿತು, ಆ ತಾಯಿಗಾಗಿ. ಆದರೆ ಮರುಗಳಿಗೆಯೇ, "ಶಾಪ ಹಾಕೋಕೆ ಅವಳಿಗೆ ಎಲ್ಲ ಹಕ್ಕೂ ಇತ್ತು ದೊಡ್ಡಮ್ಮ. ಆದ್ರೆ ಶಾಪದಿಂದ ಗಡ್ಡೆ ಬರಲ್ಲ," ಎಂದು ಮತ್ತೆ ನಕ್ಕಳು. ಎದೆಯ ಮಾತು ಅವಳಿಗೆ ಕೇಳಿಸಿತ್ತು. ಹೊಟ್ಟೆಯ ಮಾತು ಕೇಳಿಸಲಿಲ್ಲ. ಹೊಟ್ಟೆ ಉರಿಸಿದರು ಎಂದು ದಿನಕ್ಕೆ ಹತ್ತು ಸಲ ಯಾರಾದರೂ ಅನ್ನುತ್ತಲೇ ಇರುತ್ತಾರೆ.

ಮರುವರ್ಷ ಟೀಚರಿಗೆ ಹೆಣ್ಣು ಮಗುವಾಯಿತು. ಮಗುವನ್ನು ನಿಶ್ಚಿಂತೆಯಾಗಿ ದೊಡ್ಡಮ್ಮನ ತೊಡೆಯ ಮೇಲೆ ಮಲಗಿಸಿ ಕೆಲಸಕ್ಕಿಳಿಯುತ್ತಿದ್ದಳು. ಅಕ್ಕ ತುಟಿ ಬಿಗಿಹಿಡಿದು ನೋಡುತ್ತಿದ್ದಳು. ಗಂಡ ಮಾತ್ರ, "ಬಿಡು ಅಕ್ಕ, ನಮ್ಮ ಟೀಚರಿಗೆ ಹೆದರಿ ದೆವ್ವಗಳೇ ಬೇರೆ ಬೀದಿಗೆ ಹೋಗಿವೆ," ಎನ್ನುತ್ತಿದ್ದ. ಅವನದು ಯಾವಾಗಲೂ ಹಗುರ ಮಾತು. ಬಾಯ್ಲರಿನ ಹಬೆಯಲ್ಲಿ ದಿನವಿಡೀ ನಿಂತರೂ ಮುಖ ಬಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಯಂತ್ರಗಳು ಒಂದೊಂದಾಗಿ ಉಸಿರು ಬಿಟ್ಟು ನಿಂತವು. ಗಂಡ ಬಟ್ಟೆ ತಲುಪಿಸಲು ಹೋಗಿದ್ದ. ಇಷ್ಟು ದಿನ ಆ ಸದ್ದಿನ ಅಡಿಯಲ್ಲಿ ಏನೋ ಅಡಗಿತ್ತು ಎಂಬುದು ಸದ್ದು ನಿಂತಾಗಲೇ ತಿಳಿದದ್ದು. ಕೂಸಿನ ಅಳು. ಜೋರಲ್ಲ. ಅತ್ತು ಅತ್ತು ದಣಿದು, ಇನ್ನು ಯಾರೂ ಬರುವುದಿಲ್ಲ ಎಂದು ಗೊತ್ತಾದ ಮೇಲೂ ಅಳುವ ಅಳು.

ತನ್ನ ಮಗುವೇ ಇರಬೇಕೆಂದುಕೊಂಡಳು ಟೀಚರ್. ಅವಳು ಯೋಚಿಸುವ ಮೊದಲೇ ಅವಳ ಎದೆಗೆ ಕೇಳಿಸಿತ್ತು. ಹಾಲು ಜಿನುಗಿ ಬಟ್ಟೆ ಒದ್ದೆಯಾಯಿತು. ಕಬ್ಬಿಣದ ಬಾಗಿಲು ತಳ್ಳಿ ಒಳಗೆ ಹೋದಳು.

ಕಡುಗತ್ತಲೆ. ಕಾದ ಬಟ್ಟೆಗಳು ಮುಖಕ್ಕೆ, ಕೈಗೆ, ಕುತ್ತಿಗೆಗೆ ತಾಗಿದವು. ಒಂದು ಸಾಲು ಸರಿಸಿದರೆ ಅಳು ಮುಂದಿನ ಸಾಲಿನಲ್ಲಿ. ಅದನ್ನು ಸರಿಸಿದರೆ ಅದರಾಚೆ. ಹಾಲು ಉಕ್ಕಿ ಒಲೆಯ ಮೇಲೆ ಸೀದ ವಾಸನೆ ಗಂಟಲಿಗೆ ಇಳಿಯಿತು. ಕೊನೆಯ ಸಾಲು. ಅಳು ಮಂಡಿಯ ಎತ್ತರದಲ್ಲಿತ್ತು. ಅವಳು ಬಗ್ಗಿ ಕೈಚಾಚಿದಳು. ಬಟ್ಟೆಯ ಆ ಕಡೆಯಿಂದ ಪುಟ್ಟ ಬೆರಳುಗಳು ಅವಳ ಬೆರಳನ್ನು ಹಿಡಿದವು. ಬಿಸಿ. ಒಣ. ಆಗ ತಾನೇ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ. ಏನೋ ಅವಳ ಮಣಿಕಟ್ಟಿನ ಬಳಿ ಮೂಸಿತು. ಮೂಸಿ, ಬೇಡವೆಂಬಂತೆ ಬಿಟ್ಟಿತು. ತೆವಳುವ ಸದ್ದು ಅವಳನ್ನು ದಾಟಿ ಬಾಗಿಲ ಕಡೆ ಹೋಯಿತು.

ಕರೆಂಟು ಬಂತು. ಬಲ್ಬು ಹತ್ತಿತು. ಬಟ್ಟೆಗಳು ತಮ್ಮ ಪಾಡಿಗೆ ತೂಗುತ್ತಿದ್ದವು. ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಮುಖದಲ್ಲಿ ರಕ್ತವಿಲ್ಲ, ಒಂದು ಕೈ ಎಡ ಎದೆಯ ಮೇಲೆ ಒತ್ತಿಕೊಂಡಿತ್ತು.

"ನಿನಗೂ ಕೇಳಿಸ್ತಾ?" ಎಂದಳು. "ನನಗೆ ತಿಂಗಳಿಂದ ಕೇಳಿಸ್ತಿದೆ." ಆಮೇಲೆ ನೆಲ ನೋಡುತ್ತಾ, "ಇಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಗ್ತಿದೆ ಟೀಚರ್," ಎಂದಳು.

ಟೀಚರ್ ತನಗೆ ತಾಗಿದ ಬೆರಳುಗಳ ಮಾತನ್ನು ಅಲ್ಲೇ ನುಂಗಿಕೊಂಡಳು. ಸೆಕೆ, ಕತ್ತಲೆ, ಹಸಿ ಬಾಣಂತಿಯ ಭ್ರಮೆ ಎಂದು ಮನಸ್ಸಿಗೆ ಸಮಜಾಯಿಷಿ ಹೇಳಿಕೊಂಡಳು. ಗಡ್ಡೆ ಮಾತ್ರ ಭ್ರಮೆಯಲ್ಲ. ಅದನ್ನು ಅವಳು ಸ್ವತಃ ಮುಟ್ಟಿ ನೋಡಿದಳು. ಮರುದಿನವೇ ಅಕ್ಕನನ್ನು ಆಸ್ಪತ್ರೆಗೆ ಹೊರಡಿಸಿದಳು. "ಹೋಗಿ ಏನು ಪ್ರಯೋಜನ? ನಮ್ಮಮ್ಮ ಹೋಗಲಿಲ್ವಾ?" ಎಂದು ಅಕ್ಕ ಕೂತಲ್ಲೇ ಕೂತಳು. "ನಿಮ್ಮಮ್ಮ ಹೋಗಿದ್ದು ತೀರ ತಡವಾಗಿ," ಎಂದು ಟೀಚರ್ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

ಡಾಕ್ಟರು ನಡುವಯಸ್ಸಿನ ಹೆಂಗಸು, ಮೆಲುದನಿಯವಳು. ಮನೆಯಲ್ಲಿ ಯಾರು ಯಾರು ಯಾವುದರಿಂದ ತೀರಿಹೋದರು ಎಂದು ಬಿಡಿಸಿ ಬಿಡಿಸಿ ಕೇಳಿದಳು. ಕುಡಿಯುತ್ತಿದ್ದ ಸೋದರಮಾವನ ಹೊಟ್ಟೆನೋವನ್ನೂ ಕೇಳಿದಳು. ರಕ್ತ ತೆಗೆಸಿದಳು. ಫಲಿತಾಂಶ ಬಂದ ದಿನ ಗಂಡನೂ ಜೊತೆಗೆ ಹೋಗಿದ್ದ.

"ರಕ್ತದಲ್ಲೇ ಹರಿದುಬರೋ ಒಂದು ದೋಷ ಇದೆ ನಿಮ್ಮ ಮನೆತನದಲ್ಲಿ," ಎಂದಳು ಡಾಕ್ಟರು. "ಹೆತ್ತವರಲ್ಲಿ ಒಬ್ಬರಿಗಿದ್ರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಬಂದೋರಿಗೆಲ್ಲ ಕಾಯಿಲೆ ಆಗೇ ಆಗುತ್ತೆ ಅಂತಿಲ್ಲ. ಅಪಾಯ ಹೆಚ್ಚು, ಅಷ್ಟೇ. ಕೆಲವರಿಗೆ ಎದೆ, ಕೆಲವರಿಗೆ ಕರುಳು." ಆಮೇಲೆ ಗಂಡನ ಕಡೆ ತಿರುಗಿದಳು. "ನೀವೂ ಪರೀಕ್ಷೆ ಮಾಡಿಸ್ಕೊಳ್ಳಿ."

ಹೊರಗೆ ಬಂದ ಮೇಲೆ ಗಂಡ ಅಂಗಿಯ ಎದೆಯನ್ನು ತಟ್ಟಿಕೊಂಡು, "ನನ್ನ ಹತ್ರ ಏನಿದೆ ಅಂತ ಕೊಯ್ಯೋಕೆ? ಆ ಸಾಮಾನು ದೇವರು ಕೊಡಲೇ ಇಲ್ಲ," ಎಂದ. ಅಷ್ಟು ದಿನದ ಬಿಗುಪಿನಲ್ಲಿ ಬಳಲಿದ್ದ ಅಕ್ಕನೂ ನಕ್ಕಳು. ಟೀಚರೂ ನಕ್ಕಳು. ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ನಾಲ್ಕು ಚೌಕ ಬರೆದು, ಬಟಾಣಿ ಗಿಡದ ಎತ್ತರ ಗಿಡ್ಡಗಳು ತಂದೆಯಿಂದಲೂ ತಾಯಿಯಿಂದಲೂ ಹೇಗೆ ಬರುತ್ತವೆಂದು ಮಕ್ಕಳಿಗೆ ಕಲಿಸಿದವಳು. ಅವತ್ತು ನಕ್ಕಳು. ಪರೀಕ್ಷೆ ನಾಳೆ ಮಾಡಿಸಿದರಾಯಿತು ಎಂದುಕೊಂಡರು, ನಾಳೆಯ ಮೇಲೆ ಅಕ್ಕನ ಆಪರೇಷನ್ನು ಬಂತು, ಅದರ ಮೇಲೆ ಇನ್ನೊಂದು ಬಂತು.

ಅಕ್ಕ ಎರಡೂ ಎದೆಗಳನ್ನು ಕೊಟ್ಟು ಜೀವ ಉಳಿಸಿಕೊಂಡಳು. ಗಡ್ಡೆ ಇದ್ದದ್ದು ಒಂದರಲ್ಲಿ. ಇನ್ನೊಂದನ್ನು, ಅದು ಕೇಳುವ ಮೊದಲೇ ಕೊಟ್ಟುಬಿಡುತ್ತೇನೆ ಎಂದು ಅವಳೇ ಹೇಳಿದಳು. ಮನೆಗೆ ಬಂದವಳು ಕನ್ನಡಿಗೆ ಹಾಸುಬಟ್ಟೆ ಹೊದಿಸಿದಳು. ಕೆಲವು ವಾರ ಮೇಲೆಯೇ ಉಳಿದಳು. ನಂತರ ಒಂದು ದಿನ ಕೆಳಗಿಳಿದು ಬಂದು ಇಸ್ತ್ರಿ ಹಿಡಿದಳು. ಮನೆ ಹಗುರಾಯಿತು. ನಿನ್ನಿಂದ ಉಳಿದೆ ಎಂದು ಅಕ್ಕ ಟೀಚರಿನ ಕೈ ಹಿಡಿದಳು. ಟೀಚರಿಗೆ ಒಳಗೊಳಗೇ ಒಂದು ಹೆಮ್ಮೆ ಕೂತಿತು. ಶಾಪವನ್ನು ಗೆದ್ದ ಹೆಮ್ಮೆ.

ಆದರೆ ಬಿಸಿಕೋಣೆಯ ಅಳು ನಿಂತಿರಲಿಲ್ಲ. ಯಂತ್ರಗಳ ಸದ್ದಿನ ಅಡಿಯಲ್ಲಿ ಅದು ಇದ್ದೇ ಇತ್ತು. ಟೀಚರ್ ಕಿವಿಗೊಡುತ್ತಿರಲಿಲ್ಲ.

"ಅದರ ಹಸಿವು ತೀರಿಲ್ಲ," ಎಂದಳು ದೊಡ್ಡಮ್ಮ ಒಂದು ದಿನ, ಮಗುವಿನ ಅಂಗಿಗೆ ಗುಂಡಿ ಹೊಲಿಯುತ್ತಾ. "ಬಾಯಿಗೆ ಬಂದದ್ದು ತಪ್ಪಿತು. ಈಗ ಇನ್ನೊಬ್ಬನ ಹತ್ರ ಹೋಗ್ತಿದೆ. ಅವನ ಮುಖ ನೋಡಿದ್ದೀಯಾ ಟೀಚರ್?"

ಟೀಚರ್ ನೋಡಿದ್ದಳು. ಗಂಡ ಸೊರಗಿದ್ದ. ಅಕ್ಕನ ಚಿಂತೆ, ಹೆಚ್ಚಿದ ಕೆಲಸ ಎಂದುಕೊಂಡಿದ್ದಳು. "ಆಗಲಿ ದೊಡ್ಡಮ್ಮ, ಹೇಳ್ತೀನಿ ಅವರಿಗೆ," ಎಂದು ಎದ್ದು ಬಂದಳು.

ಲಾಂಡ್ರಿಗೆ ವಾರದ ರಜೆ ಇದ್ದ ಮಧ್ಯಾಹ್ನ ಅದು. ಯಂತ್ರಗಳು ಸುಮ್ಮನಿದ್ದವು, ಬಾಯ್ಲರಿನ ಕಾವು ಮಾತ್ರ ಆರಿರಲಿಲ್ಲ. ಅಕ್ಕ ಮೇಲೆ ಮಗುವಿನ ಪಕ್ಕದಲ್ಲಿ ಮಲಗಿದ್ದಳು. ಗಂಡ ಹಜಾರದಲ್ಲಿ ಇಸ್ತ್ರಿಯ ಮೇಜು ಸರಿಮಾಡುತ್ತಿದ್ದ, ಸುತ್ತಿಗೆಯ ಪೆಟ್ಟು ಕೇಳಿಸುತ್ತಿತ್ತು. ದೊಡ್ಡಮ್ಮ ಕೋಣೆಯಲ್ಲಿರಲಿಲ್ಲ. ಹುಡುಕುತ್ತಾ ಟೀಚರ್ ಕೆಳಗಿಳಿದಳು. ಬಿಸಿಕೋಣೆಯ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು. ಸೀದ ಹಾಲಿನ ವಾಸನೆ.

ಒಳಗೆ, ಕೊನೆಯ ಸಾಲಿನಾಚೆ, ಮುದುಕಿ ನೆಲದ ಮೇಲೆ ಕೂತಿದ್ದಳು. ಎದುರಿಗೆ ಕಾದ ಇಟ್ಟಿಗೆ. ಅದರ ಮೇಲೆ ಹಾಲು ಬುಸುಗುಟ್ಟಿ ಕರಕಲಾಗುತ್ತಿತ್ತು. ಇಟ್ಟಿಗೆಯ ಪಕ್ಕದಲ್ಲೊಂದು ಗೊಂಬೆ. ಗಂಜಿಯಲ್ಲಿ ಅದ್ದಿ ಸೆಟೆಸಿದ ಬಟ್ಟೆಯ ಗೊಂಬೆ. ಆ ಬಟ್ಟೆ ತನ್ನ ಗಂಡನ ಅಂಗಿಯದೆಂದು ಟೀಚರ್ ಗುರುತು ಹಿಡಿದಳು. ಗೊಂಬೆಯ ಹೊಟ್ಟೆಯಿಂದ ಒಂದು ಕೆಂಪು ದಾರ ಹೊರಟು, ನೆಲದ ಮೇಲೆ ಹರಿದು, ದೊಡ್ಡಮ್ಮನ ಹೊಟ್ಟೆಯ ಮೇಲಿನ ಸೀರೆಯ ಅಡಿ ಹೋಗಿತ್ತು. ಮುದುಕಿ ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದಳು. ಗೋಡೆಯ ಬುಡದಲ್ಲಿ ಅಳು.

ಬೀದಿಯವರ ಮಾತು ನಿಜವೇ. ತಾನೇ ಮಡಿಲಿಗೆ ಮಗುವನ್ನು ಕೊಟ್ಟ ಮುದುಕಿ. ಇಷ್ಟು ದಿನ ಇದನ್ನೆಲ್ಲ ನಕ್ಕು ತಳ್ಳಿದ್ದ ಅವಳಿಗೆ ಆ ಒಂದು ಗಳಿಗೆಯಲ್ಲಿ ಎಲ್ಲವೂ ನಂಬಿಕೆಯಾಯಿತು, ತಪ್ಪಾಗಿ. ರಫ್ಫಿನ ಕತ್ತರಿ ಅಲ್ಲೇ ಬಿದ್ದಿತ್ತು. ಎತ್ತಿಕೊಂಡಳು.

"ಬೇಡ," ಎಂದಳು ದೊಡ್ಡಮ್ಮ ಕಣ್ಣು ತೆರೆದು. "ಇನ್ನು ಸ್ವಲ್ಪ ಹೊತ್ತು ಟೀಚರ್. ಬರ್ತಾ ಇದೆ. ನನ್ನ ಕಡೆ ಬರ್ತಾ ಇದೆ."

ಟೀಚರ್ ದಾರ ಕತ್ತರಿಸಿದಳು.

ಅಳು ನಿಂತಿತು. ಬಲ್ಬು ಆರಿತು. ಕತ್ತಲೆ. ಬಟ್ಟೆಗಳು ಅಲುಗಲಿಲ್ಲ. ಏನೋ ಅಲುಗಿತು. ನೆಲದ ಮೇಲೆ. ಅವಳ ಕಾಲಿನ ಹತ್ತಿರ. ಒಣ ಚರ್ಮ ನೆಲಕ್ಕೆ ಉಜ್ಜುವ ಸದ್ದು. ಪುಟ್ಟ ಅಂಗೈಗಳು. ಒಂದು. ಇನ್ನೊಂದು. ಅವಳ ಹಿಮ್ಮಡಿಗೆ ಬಿಸಿ ತಾಗಿತು. ದಾಟಿತು. ಬಾಗಿಲು ಕಿರುಗುಟ್ಟಿತು. ಹಜಾರದ ಕಡೆ. ಸುತ್ತಿಗೆಯ ಪೆಟ್ಟು ಕೇಳುತ್ತಿತ್ತು. ಟಕ್. ಟಕ್. ನಿಂತಿತು.

ಕತ್ತಲೆಯಲ್ಲಿ ದೊಡ್ಡಮ್ಮನ ದನಿ ಕೇಳಿತು. ಅದರಲ್ಲಿ ಕೋಪವಿರಲಿಲ್ಲ.

"ತಂಗಿಗೆ ಬಂದಾಗಲೂ ಇಲ್ಲೇ ಹೀಗೇ ಕೂತಿದ್ದೆ. ನನಗೆ ಕೊಡು ಅಂತ ಬೇಡಿದೆ. ಹೆರದ ಎದೆ, ಹಾಲಿಲ್ಲದ ಎದೆ ಅಂತ ಮುಟ್ಟಲಿಲ್ಲ. ಇವನದು ಹೊಟ್ಟೆ. ಹೊಟ್ಟೆ ನನಗೂ ಇದೆಯಲ್ಲ, ತಗೊಳ್ಳುತ್ತೆ ಅಂದ್ಕೊಂಡೆ." ಆಮೇಲೆ, "ಒಬ್ಬರ ಹೆಸರಿಗೆ ದಾರ ಕಟ್ಟೋಕಾಗೋದು ಒಂದೇ ಸಲ," ಎಂದಳು.

ಟೀಚರ್ ಹಜಾರಕ್ಕೆ ಓಡಿದಳು. ಗಂಡ ಮೇಜಿನ ಅಂಚು ಹಿಡಿದು ಬಾಗಿ ನಿಂತಿದ್ದ. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಅವಳನ್ನು ನೋಡಿ ನಗಲು ಪ್ರಯತ್ನಿಸಿದ.

"ಏನಿಲ್ಲ ಟೀಚರ್. ಯಾರೋ ಒಳಗಿಂದ ಹಿಂಡಿದ ಹಾಗಾಯ್ತು."

ಅದೇ ಡಾಕ್ಟರು, ಅದೇ ಮೆಲುದನಿ. ಕರುಳು. ಅಲ್ಲಿಂದ ಪಿತ್ತಜನಕಾಂಗಕ್ಕೂ ಹಬ್ಬಿದೆ. ಎಷ್ಟು ದಿನದಿಂದ ರಕ್ತ ಹೋಗುತ್ತಿತ್ತು ಎಂದು ಕೇಳಿದಾಗ ಅವನು ಹೆಂಡತಿಯ ಮುಖ ನೋಡದೆ, ವರ್ಷವಾಯಿತು ಎಂದ. ಮೂಲವ್ಯಾಧಿ ಅಂದುಕೊಂಡಿದ್ದನಂತೆ. ಹೇಳಿಕೊಳ್ಳಲು ನಾಚಿಕೆಯಂತೆ. ಅಕ್ಕನ ಗಲಾಟೆಯ ನಡುವೆ ತನ್ನದೇನು ಎನಿಸಿತಂತೆ. ಕಲೆಯಾದ ತನ್ನ ಬಟ್ಟೆಯನ್ನು ಬೆಳಗಿನ ಮೊದಲ ಗಂಟಿನ ಜೊತೆ ತಾನೇ ಯಂತ್ರಕ್ಕೆ ಹಾಕುತ್ತಿದ್ದ. ಊರವರ ಕಲೆಯನ್ನೆಲ್ಲ ತೊಳೆಯುವ ಮನೆಯಲ್ಲಿ ಅವನ ಕಲೆ ಯಾರ ಕಣ್ಣಿಗೂ ಬೀಳಲಿಲ್ಲ.

"ಆ ಪರೀಕ್ಷೆ ಅವತ್ತೇ ಮಾಡಿಸಿದ್ರೆ?" ಎಂದಳು ಟೀಚರ್, ಡಾಕ್ಟರನ್ನು ಒಬ್ಬಳೇ ಕಂಡಾಗ.

ಡಾಕ್ಟರು ಅವಳ ಭುಜದ ಮೇಲೆ ಕೈಯಿಟ್ಟಳು. ಅದು ಉತ್ತರಕ್ಕಿಂತ ಭಾರವಾಗಿತ್ತು.

ಅವನು ಮೂರು ತಿಂಗಳೂ ಪೂರ್ತಿ ಬದುಕಲಿಲ್ಲ. ಕೊನೆಕೊನೆಗೆ ನೀರೂ ಒಳಗೆ ನಿಲ್ಲುತ್ತಿರಲಿಲ್ಲ. ಹಸಿವು, ಹಸಿವು ಎನ್ನುತ್ತಿದ್ದ, ತುತ್ತು ಇಟ್ಟರೆ ತಿರುಗಿ ಬರುತ್ತಿತ್ತು. ಒಂದು ಸಂಜೆ ಟೀಚರ್ ಅವನ ಪಾದ ಒತ್ತುತ್ತಾ ದಾರದ ಸಂಗತಿಯನ್ನು ಹೇಳಿಬಿಟ್ಟಳು. ಅವನು ಕೇಳಿಸಿಕೊಂಡ. "ದಾರದಿಂದ ಗಡ್ಡೆ ಬರಲ್ಲ ಅಂತ ನೀನೇ ಹೇಳ್ತಿದ್ಯಲ್ಲ," ಎಂದ. ಅವಳಿಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ಅವಳಿಗೆ ಆಗಲಿಲ್ಲ. ದಾರ ಕತ್ತರಿಸಿದ್ದೂ ಅವಳೇ, ಆಸ್ಪತ್ರೆಯ ಹೊರಗೆ ನಕ್ಕದ್ದೂ ಅವಳೇ. ಎರಡರಲ್ಲಿ ಯಾವುದನ್ನು ನಂಬಿದರೂ ಅವಳು ಉಳಿಯುತ್ತಿರಲಿಲ್ಲ.

ಅವನು ಹೋದ ಮೇಲೆ ಬಿಸಿಕೋಣೆ ಕೆಲವು ದಿನ ಮೌನವಾಗಿತ್ತು. ಹೊಟ್ಟೆ ತುಂಬಿದ ಮಗು ಮಲಗಿದಂಥ ಮೌನ. ಆಮೇಲೆ ಮತ್ತೆ ಶುರುವಾಯಿತು. ಅವತ್ತು ಮೇಲೆ ಆಡುತ್ತಿದ್ದ ಮಗಳು ಆಟ ನಿಲ್ಲಿಸಿ, ಕತ್ತು ವಾಲಿಸಿ, ನೆಲಕ್ಕೆ ಕಿವಿಯಿಟ್ಟಳು. "ಅಮ್ಮ, ಪಾಪು ಅಳ್ತಿದೆ," ಎಂದಳು, ಇನ್ನೂ ಸರಿಯಾಗಿ ತಿರುಗದ ನಾಲಿಗೆಯಲ್ಲಿ.

ಟೀಚರ್ ಮಗಳನ್ನು ನೆಲದಿಂದ ಎತ್ತಿಕೊಂಡಳು. ಆಗಲೇ ಡಾಕ್ಟರನ್ನು ಕೇಳಿಕೊಂಡು ಬಂದಿದ್ದಳು. ಮಗಳು ದೊಡ್ಡವಳಾದ ಮೇಲೆ ಅವಳೇ ನಿರ್ಧರಿಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಕಾಯಬೇಕು. ಆ ದಿನ ಬಂದಾಗ ತಾನು ಯಾವುದನ್ನೂ ಮುಚ್ಚಿಡುವುದಿಲ್ಲ, ಯಾವುದಕ್ಕೂ ನಗುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದಳು. ಆದರೆ ಅಷ್ಟು ವರ್ಷ ಈ ಅಳುವನ್ನು ಕೇಳುತ್ತಾ ಕಾಯುವುದು ಹೇಗೆ?

ದೊಡ್ಡಮ್ಮನ ಮುಂದೆ ಹೋಗಿ ಕೂತಳು. "ನನ್ನ ಹತ್ರ ಬರುತ್ತಾ ಅದು?"

"ನೀನು ಈ ರಕ್ತದೋಳಲ್ಲ ಮಗಳೇ. ನಿನ್ನ ಹತ್ರ ಬಂದ್ರೂ ಮೂಸಿ ಬಿಟ್ಟುಬಿಡುತ್ತೆ."

"ಹೆತ್ತ ಮಗುವಿನ ರಕ್ತದ ಕಣಗಳು ತಾಯಿ ಮೈಯಲ್ಲಿ ವರ್ಷಗಟ್ಟಲೆ ಉಳಿದಿರ್ತವೆ ದೊಡ್ಡಮ್ಮ. ನಾನೇ ಓದಿದ್ದೀನಿ. ಸ್ವಲ್ಪವಾದ್ರೂ ಇದೆ ನನ್ನೊಳಗೆ."

ದೊಡ್ಡಮ್ಮ ಅವಳನ್ನು ದಿಟ್ಟಿಸಿ ನೋಡಿದಳು. "ಹಾಗಿದ್ರೆ ದಾರ ಬೇಡ," ಎಂದಳು ಕೊನೆಗೆ. "ನೀನೇ ಕರೆದು ಎದೆ ಕೊಡಬೇಕು. ಇಷ್ಟು ಕಾಲದಲ್ಲಿ ಅದನ್ನ ಯಾರೂ ಎದೆಗೆ ಕರೆದಿಲ್ಲ. ಎಲ್ಲರೂ ಓಡಿಹೋದೋರೇ."

ಮರುದಿನ ಶಾಲೆಯಿಂದ ಬಂದವಳು ಬಿಸಿಕೋಣೆಗೆ ಹೋಗಿ ಕಬ್ಬಿಣದ ಬಾಗಿಲು ಎಳೆದುಕೊಂಡಳು. ಬಲ್ಬು ಆರಿಸಿದಳು. ಕೊನೆಯ ಸಾಲಿನಾಚೆ, ಗೋಡೆಗೆ ಒರಗಿ ಕೂತು ರವಿಕೆಯ ಗುಂಡಿ ಬಿಚ್ಚಿದಳು. ಬೆವರು ಕಣ್ಣಿಗೆ ಇಳಿಯುತ್ತಿತ್ತು.

"ಬಾ ಕಂದ," ಎಂದಳು. "ತಪ್ಪಾಯ್ತು. ನಮ್ಮ ಮನೆಯೋರದ್ದೂ ತಪ್ಪಾಯ್ತು, ನನ್ನದೂ ತಪ್ಪಾಯ್ತು. ಹೊಟ್ಟೆಗೆ ಹಾಕ್ಕೋ."

ಅಳು ನಿಂತಿತು. ತೆವಳುವ ಸದ್ದು. ಹತ್ತಿರ. ಇನ್ನೂ ಹತ್ತಿರ. ಮಡಿಲಿಗೆ ಬಿಸಿ ಏರಿತು, ಕಾದ ಬಟ್ಟೆಯ ಗಂಟಿನಷ್ಟು ಹಗುರ. ಮೂಸಿತು. ಒಣಗಿ ಬಿರಿದ ತುಟಿಗಳು ತಡಕಾಡಿದವು, ಸ್ವಲ್ಪ ಹಿಂಜರಿದವು, ನಂತರ ಕಚ್ಚಿ ಹಿಡಿದವು. ಎಷ್ಟೋ ತಿಂಗಳ ಹಿಂದೆ ಬತ್ತಿದ್ದ ಎದೆಯಿಂದ ಏನೋ ಇಳಿಯತೊಡಗಿತು. ಅದು ಹಾಲಲ್ಲ ಎಂದು ಅವಳಿಗೆ ಗೊತ್ತಾಯಿತು. ಚಳಿ ಹತ್ತಿತು, ಆ ಸೆಕೆಯಲ್ಲಿ. ಅವಳು ಬಿಡಿಸಿಕೊಳ್ಳಲಿಲ್ಲ. ಕತ್ತಲೆಯಲ್ಲಿ ಕೈ ಹುಡುಕಿ, ಆ ಕೂದಲಿಲ್ಲದ ಪುಟ್ಟ ತಲೆಯನ್ನು ಸವರಿದಳು.

ಅಂದಿನಿಂದ ದಿನವೂ ಹೋದಳು. ಟೀಚರ್ ಇಳಿದುಹೋದಳು, ಕೆನ್ನೆಯ ಮೂಳೆ ಎದ್ದಿತು, ಶಾಲೆಯ ಮಕ್ಕಳು ಅವಳ ಹಿಂದೆ ಪಿಸುಗುಟ್ಟತೊಡಗಿದರು. ಅಕ್ಕ ಬಾಗಿಲಾಚೆ ನಿಂತು ಅಳುತ್ತಿದ್ದಳು, ತಡೆಯುತ್ತಿರಲಿಲ್ಲ. ದೊಡ್ಡಮ್ಮ ಒಂದು ಬೆಳಗ್ಗೆ ಸೂಜಿ ಹಿಡಿದ ಹಾಗೆಯೇ ತೀರಿಹೋಗಿದ್ದಳು, ಮುಪ್ಪಿನಿಂದ, ಆ ಮನೆಯಲ್ಲಿ ಮುಪ್ಪಿನಿಂದ ಹೋದ ಮೊದಲ ಹೆಂಗಸು. ಮಗಳಿಗೆ ಮಾತ್ರ ಅಳು ಮತ್ತೆ ಕೇಳಿಸಲಿಲ್ಲ. ಬೆಳೆದಳು, ಶಾಲೆಗೆ ಹೊರಟಳು.

ಮೊನ್ನೆ ಎಂದಿನಂತೆ ಕೂತಿದ್ದಾಗ ಟೀಚರ್ ನೋವಿನಿಂದ ಬೆಚ್ಚಿಬಿದ್ದಳು. ಹೊಸ ನೋವು. ತಡವರಿಸಿ ಬೆರಳನ್ನು ಆ ಬಾಯಿಯೊಳಗೆ ಇಟ್ಟು ನೋಡಿದಳು. ಕೆಳಗಿನ ಒಸಡಿನಲ್ಲಿ ಚೂಪಾಗಿ, ಅಕ್ಕಿಯ ಕಾಳಿನಷ್ಟು, ಒಂದು ಹಲ್ಲು ಮೂಡಿತ್ತು.

ಕೂಸು ಬೆಳೆಯುತ್ತಿತ್ತು.

ಬೆಳೆಯುವ ಮಗು ಒಂದಲ್ಲ ಒಂದು ದಿನ ಎದೆ ಬಿಡುತ್ತದೆ. ಅಲ್ಲಿಯವರೆಗೆ ತನ್ನಲ್ಲಿ ಏನಾದರೂ ಉಳಿದಿದ್ದರೆ ಸಾಕು ಎಂದುಕೊಂಡು, ಟೀಚರ್ ಅದನ್ನು ಇನ್ನೊಂದು ಎದೆಗೆ ಬದಲಿಸಿಕೊಂಡಳು.